ಬಾಣಂತಿ ಉಡದ ಊಟ

ಬಾಳೆಲೆಯ ಚೂರಿನ ಮೇಲೆ ಉಡದ ಹಿಕ್ಕೆ. ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತ ಇನ್ಸ್‌ಪೆಕ್ಟರ್ ಸುಪ್ರಪ್ತಿ. ಕೈಯಲ್ಲಿ, ಬೀದಿಬದಿಯ ಅಂಗಡಿಗಳಲ್ಲಿ ಮಾಂಸದ ತುಂಡು ಚುಚ್ಚಿ ಸುಡುವಂಥ ಒಂದು ಬಿದಿರುಕಡ್ಡಿ.

ಅವಳು ಪೊಲೀಸ್ ಕೆಲಸಕ್ಕೆ ಸೇರಿದ ದಿನ ಅವಳ ತಾಯಿ ಓಣಿಗೆಲ್ಲ ಹಳದಿ ಅನ್ನ ಹಂಚಿದ್ದಳು. ಆ ಮಹಾತಾಯಿ ಈಗ ಇಲ್ಲಿಗೆ ಬಂದು ಮಗಳನ್ನು ನೋಡಿದ್ದರೆ, ಹಂಚಿದ ಅನ್ನವನ್ನು ಮನೆಮನೆಗೆ ಹೋಗಿ ವಾಪಸು ಕೇಳುತ್ತಿದ್ದಳು.

"ಇನ್ನೂ ಸ್ವಲ್ಪ ಬಿಡಿಸಿ ನೋಡಿ ಮೇಡಂ" ಎಂದ ಪೇದೆ ಪಾನುತ್, ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಬಾಗಿಲಿನಾಚೆ ನಿಂತು.

"ನೀನೇ ಬಂದು ಬಿಡಿಸು."

"ನಂಗೆ ಉಡ ಅಂದ್ರೆ ಆಗಲ್ಲ ಮೇಡಂ. ಚಿಕ್ಕಂದಿನಿಂದ."

"ನಂಗೇನು ಇದು ತವರುಮನೆ ನಂಟಾ?"

ಪಾನುತ್ ಕರವಸ್ತ್ರವನ್ನು ಇನ್ನಷ್ಟು ಒತ್ತಿಕೊಂಡ. ಉತ್ತರ ಕೊಡಬೇಕಾದ ಕಡೆ ಸುಮ್ಮನಿರುವುದು, ಸುಮ್ಮನಿರಬೇಕಾದ ಕಡೆ ಬಾಯಿ ಹಾಕುವುದು ಅವನ ಹುಟ್ಟುಗುಣ.

ಮಂಗಳವಾರ ಮಸೀದಿಯ ಬೆಳಗಿನ ಪ್ರಾರ್ಥನೆ ಮುಗಿದ ಹೊತ್ತಿಗೆ ಉಡ ಸಾಕುವ ಇದೇ ಕೊಟ್ಟಿಗೆಯಲ್ಲಿ ಉಡ ಮಾರುವ ದಲ್ಲಾಳಿ ಕುಂಚೊರೊ ತಲೆ ಒಡೆದು ಸತ್ತುಬಿದ್ದಿದ್ದ. ಹೆಣವನ್ನು ಎತ್ತಿ ಕೂರಿಸಲು ಹೋಗಿ ಅಂಗಿಯೆಲ್ಲ ರಕ್ತ ಮಾಡಿಕೊಂಡ ಮನೆಯ ಅಳಿಯ ಜಾತ್ಮಿಕೋ ಲಾಕಪ್ಪಿನಲ್ಲಿದ್ದ. ಹಿಂದಿನ ಸಂಜೆ ಟೀ ಅಂಗಡಿಯಲ್ಲಿ ಅವನಿಗೂ ಕುಂಚೊರೊನಿಗೂ ಜಗಳವಾಗಿದ್ದನ್ನು ಅರ್ಧ ಊರು ನೋಡಿತ್ತು. ಕಾಡಿನ ಉಡ ಮಾರುವುದು ಅಪರಾಧ, ಹಾಗಾಗಿ ಕಾಡಿನಲ್ಲಿ ಹಿಡಿದವನ್ನು ನಿಮ್ಮ ಮಾವನ ಮನೆಯಲ್ಲೇ ಹುಟ್ಟಿದವು ಎಂದು ತೋರಿಸೋಣ ಎಂದು ಕುಂಚೊರೊ ಕೇಳಿದ್ದನಂತೆ. ಮಾವನ ಹೆಸರಿಗೆ ಮಸಿ ಬಳಿಯಲು ಬಂದೆಯಾ ಎಂದು ಜಾತ್ಮಿಕೋ ಅವನ ಕೊರಳಪಟ್ಟಿ ಹಿಡಿದಿದ್ದನಂತೆ. ದೊಡ್ಡ ಸಾಹೇಬರಿಗೆ ಇಷ್ಟೇ ಸಾಕಾಗಿತ್ತು. ನಾಳೆ ಬೆಳಿಗ್ಗೆ ಅವನನ್ನು ಕೋರ್ಟಿಗೆ ಕಳಿಸಿ, ಸಂಜೆಯೊಳಗೆ ಫೈಲು ಮುಚ್ಚಿ, ಭಾನುವಾರ ಮೀನು ಹಿಡಿಯಲು ಹೋಗಬೇಕೆಂದು ಅವರ ಆಸೆ.

ಒಮ್ಮೆ ಕೋರ್ಟಿಗೆ ಹೋದರೆ ಜಾತ್ಮಿಕೋ ಸದ್ಯಕ್ಕೆ ಮನೆಗೆ ಬರುವ ಮಾತಿಲ್ಲ. ಅವನು ಕೊಂದವನಲ್ಲ ಎಂದು ಸುಪ್ರಪ್ತಿಯ ಮನಸ್ಸು ಹೇಳುತ್ತಿತ್ತು. ಆದರೆ ಮನಸ್ಸು ಹೇಳಿದ್ದನ್ನು ಬರೆದುಕೊಳ್ಳಲು ಯಾವ ನ್ಯಾಯಾಧೀಶನೂ ಕೂತಿಲ್ಲ.

ಇಷ್ಟರ ನಡುವೆ ಅವಳ ತಲೆ ಚಿಟ್ಟು ಹಿಡಿಸಿದ್ದು ಬೇರೆಯೇ ಒಂದು ಸಂಗತಿ. ಒಬ್ಬ ಮನುಷ್ಯ ಸತ್ತಿದ್ದಾನಲ್ಲ, ಅವನ ಬಗ್ಗೆ ಊರಿನಲ್ಲಿ ಒಬ್ಬರಾದರೂ ವಿಚಾರಿಸಿದ್ದರೆ ಕೇಳಿ! ಎಲ್ಲರದೂ ಒಂದೇ ಪ್ರಶ್ನೆ: ಮೊಟ್ಟೆ ಸಿಕ್ಕವಾ? ಕುಂಚೊರೊ ಸತ್ತ ಬೆಳಿಗ್ಗೆಯೇ ಸೆಕಾರ್ ಎಂಬ ನೀಲಿ ಉಡದ ಮೊಟ್ಟೆಗಳೂ ಗೂಡಿನಿಂದ ಮಾಯವಾಗಿದ್ದವು. ಟೀ ಅಂಗಡಿಯವನು ಮೊಟ್ಟೆ ಎಂದ. ಮಸೀದಿಯ ಮುದುಕರು ಮೊಟ್ಟೆ ಎಂದರು. ಲಾಕಪ್ಪಿನಲ್ಲಿ ಕೂತು ನೆತ್ತಿಯ ಮೇಲೆ ಕೊಲೆ ಆರೋಪ ಹೊತ್ತ ಜಾತ್ಮಿಕೋ ಕೂಡ ನಿನ್ನೆ ಅವಳನ್ನು ಕೇಳಿದ್ದು, "ಸೆಕಾರ್ ಏನಾದ್ರೂ ತಿಂದ್ಲಾ ಮೇಡಂ?" ಎಂದು.

ತಿಂದಿರಲಿಲ್ಲ. ಅದೇ ಅವಳನ್ನು ಈ ಹಿಕ್ಕೆಯ ಮುಂದೆ ತಂದು ಕೂರಿಸಿತ್ತು. ಮೊಟ್ಟೆಯಿಟ್ಟ ಉಡ ಹಸಿದು ಕಂಗಾಲಾಗಿರುತ್ತದೆ, ಮುಂದೆ ಬಂದದ್ದನ್ನೆಲ್ಲ ಬಾಚಿ ತಿನ್ನುತ್ತದೆ ಎಂದು ಈ ಮನೆಯವರೇ ಹೇಳುತ್ತಾರೆ. ಸೆಕಾರ್ ಮಾತ್ರ ಮಂಗಳವಾರ ಬೆಳಿಗ್ಗೆ ನೆರೆಯವರು ತಂದಿಟ್ಟ ಮಿಡತೆಯ ಬಟ್ಟಲಿಗೆ ಮೂಗೂ ತಾಗಿಸಲಿಲ್ಲ. ಮೊಟ್ಟೆ ಹೋದ ದುಃಖ ಎಂದರು ಎಲ್ಲರೂ. ಸುಪ್ರಪ್ತಿಗೆ ದುಃಖದ ಮೇಲೆ ನಂಬಿಕೆ ಕಡಿಮೆ. ಹೊಟ್ಟೆ ತುಂಬಿದವರೇ ಊಟ ಬೇಡ ಅನ್ನುವುದು.

ಕಡ್ಡಿಯ ತುದಿಗೆ ಏನೋ ಗಟ್ಟಿಯಾದದ್ದು ತಾಗಿತು. ಕೆಂಪು ಮಿಶ್ರಿತ ಕಂದು ಬಣ್ಣದ ಚೂರು. ಇನ್ನೊಂದು. ಮತ್ತೊಂದು, ತುದಿ ಚೂಪಾಗಿ ಕೊಕ್ಕೆಯಂತೆ ಬಾಗಿದ್ದು.

"ಏಡಿ ಕಾಲು ಮೇಡಂ" ಎಂದ ಪಾನುತ್ ದೂರದಿಂದಲೇ. ತಿನ್ನುವ ವಿಷಯದಲ್ಲಿ ಅವನ ಕಣ್ಣು ಹದ್ದಿನದು.

ಅಷ್ಟು ಹೊತ್ತೂ ಮೂಲೆಯಲ್ಲಿ ಚಾಪೆಯ ಮೇಲೆ ಕೂತಿದ್ದ ದರ್ಮಾಜಿ ಅಜ್ಜ ಎದ್ದು ಬಂದ.

ದರ್ಮಾಜಿ ಅಜ್ಜ ಈ ಮನೆಯ ಯಜಮಾನ. ಬೆಂಕಿಬೆಟ್ಟದ ಇಳಿಜಾರಿನ ಹಳ್ಳಿಗಳಲ್ಲೆಲ್ಲ ಉಡದ ಲಕ್ಷಣ ಓದುವವನೆಂದು ಹೆಸರಾದವನು. ಜನ ಮರಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದು ಅವನ ಮುಂದೆ ಇಡುತ್ತಾರೆ. ಯಾವುದನ್ನು ಸಾಕಬೇಕು, ಯಾವುದಕ್ಕೆ ಯಾವುದನ್ನು ಜೋಡಿ ಮಾಡಬೇಕು ಎಂದು ಅವನು ನೋಡಿ ಹೇಳುತ್ತಾನೆ. ಗಂಟಲಿನ ಗೆರೆ ನೋಡುತ್ತಾನೆ, ಬೆನ್ನಿನ ಪಟ್ಟೆಗಳ ನಡುವಿನ ಅಂತರ ನೋಡುತ್ತಾನೆ, ಕೊನೆಗೆ ಮೊಟ್ಟೆಯೊಡೆದು ಹೊರಬಂದ ಸಂತೆವಾರ, ಅಂದರೆ ಸುತ್ತಿ ಬರುವ ಐದು ಸಂತೆದಿನಗಳಲ್ಲಿ ಅದು ಯಾವುದು, ಎಂದು ಕೇಳುತ್ತಾನೆ. ಗಂಡಿನ ಸಂತೆವಾರ ಹೆಣ್ಣಿನ ಸಂತೆವಾರಕ್ಕೆ ಕೂಡಿ ಬರದಿದ್ದರೆ, ಗಂಡು ಎಷ್ಟೇ ಗಟ್ಟಿಮುಟ್ಟಾಗಿರಲಿ, ಬೇಡ ಎಂದು ಬಟ್ಟೆ ಮುಚ್ಚುತ್ತಾನೆ.

ಸುಪ್ರಪ್ತಿಯ ಮದುವೆಯೂ ಸಂತೆವಾರ ಕೂಡಿಸಿಯೇ ನಡೆದದ್ದು. ಗಂಡ ಈಗ ಸೆಮರಾಂಗ್ ಪಟ್ಟಣದಲ್ಲಿ ಬೇರೆ ಸಂಸಾರ ಹೂಡಿದ್ದಾನೆ. ಹಾಗಾಗಿ ಅಜ್ಜನ ಶಾಸ್ತ್ರವನ್ನು ಅವಳು ಮೂರು ದಿನದಿಂದ ಹಲ್ಲುಕಚ್ಚಿ ಕೇಳಿಸಿಕೊಂಡಿದ್ದಳು.

"ಏಡಿ ಅಂದ್ರಾ?" ಎಂದ ಅಜ್ಜ.

"ಹೌದಜ್ಜ. ಯಾರು ಹಾಕಿದ್ದು?"

ಮುದುಕನ ಮುಖ ಬಿಳುಚಿಕೊಂಡಿತು. ಹೆಣ ಕಂಡಾಗಲೂ ಅಷ್ಟು ಬಿಳುಚಿಕೊಂಡಿರಲಿಲ್ಲ ಎಂದು ಪಾನುತ್ ಆಮೇಲೆ ಹೇಳಿದ.

"ಈ ಮನೆ ಹೊಸ್ತಿಲು ಏಡಿ ದಾಟಲ್ಲ. ನಮ್ಮ ಮುತ್ತಾತನ ಹರಕೆ ಅದು. ನಾವು ತಿನ್ನಲ್ಲ, ತಿನ್ನೋರ ಪಕ್ಕ ಕೂರಲ್ಲ. ಉಡಕ್ಕೆ ಹಾಕೋದು ಹೇಗಮ್ಮ?"

ಅಷ್ಟೇ ಅಲ್ಲ, ಎಂದು ಅವನು ಬೆರಳು ಎತ್ತಿ ವಿವರಿಸಿದ. ಮೊಟ್ಟೆಯಿಟ್ಟ ತಾಯಿಗೆ ಈ ಮನೆಯಲ್ಲಿ ಯಾರೂ ತಕ್ಷಣ ಊಟ ಹಾಕುವುದಿಲ್ಲ. ಮೊದಲು ಹೆರಿಗೆಯ ಪ್ರಸಾದ ಹಂಚಬೇಕು. ಮಗು ಹುಟ್ಟಿದರೂ ಅದೇ, ಕರು ಹುಟ್ಟಿದರೂ ಅದೇ, ಉಡ ಮೊಟ್ಟೆಯಿಟ್ಟರೂ ಅದೇ. ಅನ್ನ, ಬಾತುಕೋಳಿ ಮೊಟ್ಟೆ, ತೆಂಗಿನಕಾಯಿ, ಬೆಲ್ಲ ಎಲ್ಲ ಬಿದಿರುಬುಟ್ಟಿಯಲ್ಲಿಟ್ಟು ನೆರೆಮನೆಗಳಿಗೆ ಹೋಗಬೇಕು, ಪ್ರಾರ್ಥನೆಯಾಗಬೇಕು. ಆಮೇಲೇ ಬಾಣಂತಿಗೆ ತುತ್ತು. ಸೆಕಾರ್ ಮೊಟ್ಟೆಯಿಟ್ಟಿದ್ದು ಸೋಮವಾರ ಸಂಜೆ. ಮಂಗಳವಾರ ಪ್ರಸಾದ ಆಗಬೇಕಿತ್ತು, ಅಷ್ಟರಲ್ಲಿ ಈ ಅನಾಹುತ.

"ಅಂದ್ರೆ ಹೊರಗಿನೋರು ಬಂದು ಮೊಟ್ಟೆ ತಗೊಂಡು, ತಾಯಿಗೆ ಏಡಿ ಹಾಕಿ ಹೋಗಿದ್ದಾರೆ" ಎಂದಳು ಸುಪ್ರಪ್ತಿ.

"ನನ್ನ ಮನೆ ಮೈಲಿಗೆ ಮಾಡಿದ್ದಾರೆ" ಎಂದ ಅಜ್ಜ.

"ಅಜ್ಜಾ, ನಿಮ್ಮ ಮನೇಲಿ ಕೊಲೆ ಆಗಿದೆ."

"ಅದೂ ಆಗಿದೆ" ಎಂದು ಅಜ್ಜ ಒಪ್ಪಿಕೊಂಡ, ಮನಸ್ಸಿಲ್ಲದ ಮನಸ್ಸಿನಿಂದ.

ಸುಪ್ರಪ್ತಿ ಎದ್ದು ಸೆಕಾರ್ ಇದ್ದ ಗೂಡಿನ ಮುಂದೆ ನಿಂತಳು. ಕಡುನೀಲಿ ಮೈ, ಅದರ ಮೇಲೆ ಕಪ್ಪು ಪಟ್ಟೆ, ಮೈಗಿಂತ ಉದ್ದದ ಬಾಲ. ಮೊಟ್ಟೆಯಿಟ್ಟು ಬಡಕಲಾದ ಪಕ್ಕೆಗಳ ಮೇಲೆ ಚರ್ಮ ಜೋತುಬಿದ್ದಿತ್ತು. ಕೊಂಬೆಯನ್ನು ನಾಲ್ಕೂ ಕಾಲಲ್ಲಿ ಅವಚಿಕೊಂಡು ಅದು ಅವಳನ್ನೇ ನೋಡುತ್ತಿತ್ತು. ಉಡದ ಪಟ್ಟು ಎಂದು ಸುಮ್ಮನೆ ಹೇಳುತ್ತಾರೆಯೇ! ನೀನೊಬ್ಬಳೇ ಎಲ್ಲ ಕಂಡವಳು, ನಿನಗೇ ಬಾಯಿಲ್ಲ ಎಂದುಕೊಂಡಳು ಸುಪ್ರಪ್ತಿ, ಮತ್ತು ಪೊಲೀಸಿನವಳು ಉಡದೊಡನೆ ಮಾತಾಡುವ ಮಟ್ಟಕ್ಕೆ ಬಂದೆನಲ್ಲ ಎಂದು ತನ್ನ ಮೇಲೆಯೇ ಸಿಡಿಮಿಡಿಗೊಂಡಳು.

ಆದರೂ ವಿಷಯ ಸ್ಪಷ್ಟವಿತ್ತು. ಬರೀ ಕಳ್ಳನಾದರೆ ಮೊಟ್ಟೆ ಬಾಚಿಕೊಂಡು ಓಡುತ್ತಾನೆ. ಇವನು ನಿಂತು ಬಾಣಂತಿಗೆ ಊಟ ಹಾಕಿದ್ದಾನೆ. ಉಡ ಸಾಕಿದ ಕೈ ಮಾತ್ರ ಮಾಡುವ ತಪ್ಪು ಅದು. ಮೈ ಬತ್ತಿದ ತಾಯಿಯನ್ನು ಉಪವಾಸ ಬಿಟ್ಟುಹೋಗಲು ಆ ಕೈಗೆ ಆಗಿಲ್ಲ. ಮತ್ತು ಜಾತ್ಮಿಕೋ ಈ ಮನೆಯ ಅಳಿಯ. ಏಡಿ ಮುಟ್ಟಿದರೆ ಮಾವ ಮನೆಯಿಂದ ಹೊರಗೆ ಹಾಕುತ್ತಾನೆ ಎಂದು ತಿಳಿದವನು.

ದೊಡ್ಡ ಸಾಹೇಬರಿಗೆ ಫೋನು ಮಾಡಿ ಹೇಳಿದಳು. ಅವರು ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ, ಉಡ ಬೆಳಗಿನ ತಿಂಡಿ ತಿಂದಿತ್ತು, ಆದ್ದರಿಂದ ಆರೋಪಿಯನ್ನು ಬಿಡಿ ಎಂದು ತಾವು ನ್ಯಾಯಾಧೀಶರ ಮುಂದೆ ಹೇಳಬೇಕೇ ಎಂದು ಕೇಳಿದರು. ಹೌದು ಎಂದಳು. ಸಂಜೆಯೊಳಗೆ ಮನುಷ್ಯರ ಸಾಕ್ಷಿ ತರಲು ಹೇಳಿ ಅವರು ಫೋನು ಇಟ್ಟರು.

ಅಂಗಳದಲ್ಲಿ ಅಜ್ಜನ ಮಗಳು ವಿನಾರ್ಸಿ ಗಂಡನಿಗೆ ಊಟದ ಡಬ್ಬಿ ಕಟ್ಟುತ್ತಿದ್ದಳು. ಮೂರು ದಿನದಿಂದ ಅವಳು ಹೊತ್ತುಹೊತ್ತಿಗೆ ಡಬ್ಬಿ ಹಿಡಿದು ಸ್ಟೇಷನ್ನಿಗೆ ಬರುತ್ತಿದ್ದಳು. ಅಳುವುದಿಲ್ಲ, ಗೋಗರೆಯುವುದಿಲ್ಲ, ಡಬ್ಬಿ ಕೊಟ್ಟು ಬೆಂಚಿನ ಮೇಲೆ ಕೂರುತ್ತಾಳೆ. ಈ ಕೇಸಿನಲ್ಲಿ ಸುಪ್ರಪ್ತಿಗೆ ಸಿಟ್ಟು ಬರಿಸದ ಒಂದೇ ಜೀವ ಅವಳು.

"ಉಡಗಳಿಗೆ ಏಡಿ ಹಾಕೋರು ಈ ಸುತ್ತಮುತ್ತ ಯಾರಿದ್ದಾರಮ್ಮ?"

ವಿನಾರ್ಸಿ ಡಬ್ಬಿಯ ಕೊಂಡಿ ಹಾಕಿ, ತೆಗೆದು, ಮತ್ತೆ ಹಾಕಿದಳು.

"ಲಸ್ಮಿನಿ ಅಕ್ಕ. ಹೊಳೆ ಆಚೆ." ಆಮೇಲೆ ತಾನಾಗಿಯೇ, "ದಾರಿ ಕಷ್ಟ. ನಾನೇ ಬಂದು ತೋರಿಸ್ತೀನಿ" ಎಂದಳು.

ಸ್ಟೇಷನ್ನಿನ ಜೀಪು ಎಂದಿನಂತೆ ಗ್ಯಾರೇಜಿನಲ್ಲಿತ್ತು. ಪಾನುತ್‌ನನ್ನು ಸ್ಟೇಷನ್ನಿಗೆ ಅಟ್ಟಿ, ಸುಪ್ರಪ್ತಿ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡಳು. ಗಂಡನ ಊಟದ ಡಬ್ಬಿ ಅವಳ ಮಡಿಲಲ್ಲೇ ಇತ್ತು.

ಹೊಳೆ ದಾಟಿ, ಮುಳ್ಳಿನ ಸಲಾಕ್ ಹಣ್ಣಿನ ತೋಟಗಳ ನಡುವೆ ದಾರಿ ತಿರುಗಿ ತಿರುಗಿ ಹೋಯಿತು. ಕಲ್ಲು, ಗುಂಡಿ, ಕೆಸರು. ಸೊಂಟ ಮುರಿಯುವ ದಾರಿ. ವಿನಾರ್ಸಿ ಲಸ್ಮಿನಿಯ ಗೇಟಿನ ಹತ್ತಿರ ಇಳಿದು, ತಾನು ಇಲ್ಲೇ ನೆರಳಲ್ಲಿ ಕೂತಿರುತ್ತೇನೆ ಎಂದಳು.

ಲಸ್ಮಿನಿ ಉತ್ತರ ಕರಾವಳಿಯ ಮೀನುಗಾರರ ಮಗಳು. ಮದುವೆಯಾಗಿ ಬೆಟ್ಟದ ಸೀಮೆಗೆ ಬಂದು, ಗಂಡ ತೀರಿದ ಮೇಲೆ ಅವನ ಮೀನಿನ ಹೊಂಡಗಳನ್ನು ಮುಚ್ಚಿ ಉಡ ಸಾಕತೊಡಗಿದವಳು. ಗಿಡ್ಡ ಕೂದಲು, ಒರಟು ಕೈ, ಮೊಣಕೈತನಕ ಉಡ ಪರಚಿದ ಗೆರೆಗಳು. ದರ್ಮಾಜಿ ಅಜ್ಜನಿಗೂ ಅವಳಿಗೂ ಎಣ್ಣೆ ಸೀಗೆಕಾಯಿ ಎಂಬುದು ಸುತ್ತಲಿನವರಿಗೆಲ್ಲ ಗೊತ್ತು.

ಸುಪ್ರಪ್ತಿ ಹೋದಾಗ ಅವಳು ಚಿಮುಟದಲ್ಲಿ ಒಂದು ಗದ್ದೆ ಏಡಿ ಹಿಡಿದು ಹಸಿರು ಉಡದ ಬಾಯಿಗೆ ಒಡ್ಡುತ್ತಿದ್ದಳು. ಕರುಂ ಎಂದು ಸದ್ದಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ. ಇವಳು ಕುಂಬಳಕಾಯಿಯನ್ನು ಹೆಗಲ ಮೇಲಿಟ್ಟುಕೊಂಡೇ ಬಾಗಿಲು ತೆರೆದಿದ್ದಳು.

"ಮಂಗಳವಾರ ಬೆಳಿಗ್ಗೆ ಎಲ್ಲಿದ್ರಿ?"

"ಇಲ್ಲೇ."

"ಸಾಕ್ಷಿ?"

"ಇವರೆಲ್ಲ" ಎಂದು ಲಸ್ಮಿನಿ ಗೂಡುಗಳ ಕಡೆ ಚಿಮುಟ ಬೀಸಿದಳು. "ಕೇಳಿ, ಹೇಳಿದ್ರೆ ಬರ್ಕೊಳ್ಳಿ."

"ನಂಗೆ ತಮಾಷೆ ಮಾಡೋ ತಾಳ್ಮೆ ಉಳಿದಿಲ್ಲ. ಒಬ್ಬ ಹುಡುಗ ನಾಳೆ ಜೈಲಿಗೆ ಹೋಗ್ತಿದ್ದಾನೆ. ಸೆಕಾರ್‌ಗೆ ಏಡಿ ಹಾಕಿದ್ದು ಯಾರು?"

ಚಿಮುಟ ಅಲ್ಲೇ ನಿಂತಿತು. ಲಸ್ಮಿನಿ ಉತ್ತರದ ಬದಲು ದರ್ಮಾಜಿ ಅಜ್ಜನ ಮೇಲೆ ಹರಿಹಾಯ್ದಳು. ಗಂಟಲಿನ ಗೆರೆ ನೋಡಿ ಜೋಡಿ ಮಾಡುತ್ತಾನಂತೆ! ಆ ಸೆಕಾರ್‌ಗೆ ಎಷ್ಟು ವರ್ಷ ತಪ್ಪು ಗಂಡನ್ನು ಕಟ್ಟಿದ್ದ ಗೊತ್ತೇ? ಅದು ಗಂಡೇ ಅಲ್ಲ ಎಂದು ತಾನು ಸಂತೆಯಲ್ಲಿ ನಿಂತು ಕೂಗಿ ಹೇಳಿದರೂ ಕೇಳಲಿಲ್ಲ. ಉಡದಲ್ಲಿ ಗಂಡು ಹೆಣ್ಣು ಹೊರಗಿನಿಂದ ತಿಳಿಯುವುದಿಲ್ಲ, ಬಾಲದ ಬುಡ ದಪ್ಪವಿದ್ದ ಮಾತ್ರಕ್ಕೆ ಗಂಡಾಗುವುದಿಲ್ಲ. ಎರಡು ಹೆಣ್ಣುಗಳನ್ನು ಒಂದೇ ಗೂಡಿನಲ್ಲಿಟ್ಟು, ಸಂತೆವಾರ ಕೂಡಿದೆ, ಇನ್ನೇನು ಮೊಟ್ಟೆ ಬರುತ್ತದೆ ಎಂದು ಕಾಯುತ್ತಿದ್ದ ಮಹಾನುಭಾವ. ಕೊನೆಗೆ ನಿಜವಾದ ಗಂಡನ್ನು ಬಿಟ್ಟ ಮೇಲೇ ಮೊಟ್ಟೆ ಬಂದದ್ದು.

"ನಾನು ಹೆಂಗೆ ಆರಿಸ್ತೀನಿ ಗೊತ್ತಾ? ನಾನು ಆರ್ಸೋದೇ ಇಲ್ಲ. ಎರಡು ಗೂಡಿನ ಮಧ್ಯೆ ಒಂದು ಜಾಲರಿ ಹಾಕ್ತೀನಿ. ಅವಳು ಯಾರ ಪಕ್ಕ ಮಲಗ್ತಾಳೆ, ಯಾರನ್ನ ಕಂಡ್ರೆ ಬಾಲ ಬೀಸಿ ಹೊಡೀತಾಳೆ, ನೋಡ್ತಾ ಇರ್ತೀನಿ. ತಿಂಗಳಾಗ್ಲಿ, ವರ್ಷ ಆಗ್ಲಿ. ಅವಳ ಗಂಡನ್ನ ಅವಳೇ ಆರಿಸ್ಕೋಬೇಕು."

"ಲಸ್ಮಿನಿ ಅವರೇ, ನಾನು ಮದುವೆ ದಲ್ಲಾಳಿ ಅಲ್ಲ. ಏಡಿ ಹಾಕಿದ್ದು ಯಾರು?"

"ಹಾಕಿದ್ದು ಒಳ್ಳೇದೇ ಆಯ್ತು. ಮೊಟ್ಟೆಗೆ ಮೈಯ ಸುಣ್ಣವೆಲ್ಲ ಹೋದ ತಾಯಿಗೆ ಏಡಿ ಚಿಪ್ಪೇ ಕೊಡಬೇಕು. ಆ ಮುದುಕನ ಪ್ರಸಾದ ಹಂಚಿ ಮುಗಿಯೋ ತನಕ ಕಾದ್ರೆ ಅವನ ಮನೇಲಿ ಹಿಂದಿನ ಸಲ ಮೊಟ್ಟೆ ಇಟ್ಟ ಹೆಣ್ಣಿನ ಥರ ಇವಳೂ ಕಾಲು ಸೆಟೆದು ಸಾಯ್ತಿದ್ಲು."

ಸುಪ್ರಪ್ತಿಯ ತಾಳ್ಮೆ ಅಲ್ಲಿಗೆ ಮುಗಿಯಿತು. ಅವಳು ಲಸ್ಮಿನಿಯನ್ನು ದಾಟಿ ಒಳಗೆ ನಡೆದಳು. ಮೂಲೆಯಲ್ಲಿ ಒಂದು ಹಳೆಯ ಫ್ರಿಜ್ ನಿಂತಿತ್ತು. ಬಾಗಿಲ ಸಂದಿಯಿಂದ ವೈರು ಒಳಹೋಗಿತ್ತು. ತಣ್ಣಗಿಡುವ ಪೆಟ್ಟಿಗೆಯೊಳಗೆ ಬಲ್ಬು ಉರಿಸಿ ಬೆಚ್ಚಗಿಡುವ ಜನ ಇವರು, ಎಲ್ಲ ತಿರುಗುಮುರುಗು. ಅವಳು ಹಿಡಿಗೆ ಕೈ ಹಾಕಿದಳು.

"ಮೆಲ್ಲಗೆ ತೆಗೀರಿ" ಎಂದಳು ಲಸ್ಮಿನಿ ಹಿಂದಿನಿಂದ. ತಡೆಯಲಿಲ್ಲ. "ಕದಲಬಾರದು."

ಮೇಲಿನ ಖಾನೆಗಳಲ್ಲಿ ಪ್ಲಾಸ್ಟಿಕ್ ಡಬ್ಬಿಗಳು. ಕೆಳಗಿನ ಖಾನೆಯಲ್ಲಿ, ಅವುಗಳ ಸಾಲಿಗೆ ಸೇರದ ಒಂದು ಬಿದಿರುಬುಟ್ಟಿ, ಪ್ರಸಾದ ಹಂಚುವಂಥದ್ದು. ಅದರಲ್ಲಿ ತೇವದ ತೆಂಗಿನ ನಾರಿನ ಪುಡಿ. ಪುಡಿಯಲ್ಲಿ ಅರ್ಧ ಹುದುಗಿದ ಬಿಳಿ ಮೊಟ್ಟೆಗಳು, ಒಂದೊಂದರ ನೆತ್ತಿಯ ಮೇಲೂ ಪೆನ್ಸಿಲಿನ ಚುಕ್ಕಿ, ಎಲ್ಲ ಚುಕ್ಕಿಗಳೂ ಮೇಲ್ಮುಖವಾಗಿ.

ಊರಿಗೆ ಊರೇ ಕೇಳುತ್ತಿದ್ದ ಮೊಟ್ಟೆಗಳು ಕಣ್ಣ ಮುಂದಿದ್ದವು. ಸುಪ್ರಪ್ತಿಗೆ ಸಂತೋಷವಾಗಲಿಲ್ಲ, ಇನ್ನಷ್ಟು ರೇಗಿತು.

"ಇವು ದರ್ಮಾಜಿ ಅಜ್ಜನ ಮನೇವು."

"ಹೌದು."

"ಕದ್ದ ಮಾಲು ನಿಮ್ಮ ಮನೇಲಿದೆ. ಕದ್ದ ಜಾಗದಲ್ಲಿ ಹೆಣ ಬಿದ್ದಿದೆ. ನಿಮ್ಮ ಉಡ ತಿನ್ನೋದನ್ನೇ ಆ ಉಡ ತಿಂದಿದೆ. ಇನ್ನೇನು ಹೇಳ್ತೀರಾ?"

ಲಸ್ಮಿನಿ ಫ್ರಿಜ್ಜಿನ ಬಾಗಿಲನ್ನು ಕೂಸಿನ ತೊಟ್ಟಿಲು ಮುಟ್ಟುವ ಹಾಗೆ ಹಗುರವಾಗಿ ಮುಚ್ಚಿದಳು. ಅವಳ ದನಿಯ ಜೋರು ಇಳಿದಿತ್ತು.

"ಮೊಟ್ಟೆ ಇಟ್ಟ ಮೇಲೆ ಹೊರಳಿಸಿದ್ರೆ ಒಳಗಿನ ಜೀವ ಸಾಯುತ್ತೆ. ನೀವು ಬಂದ ದಾರಿ ನೋಡಿದ್ರಲ್ಲ, ಗಾಡೀಲಿ ತಂದಿದ್ರೆ ಒಂದೂ ಉಳೀತಿರ್ಲಿಲ್ಲ. ಬುಟ್ಟೀನ ಎದೆಗೆ ಅವಚ್ಕೊಂಡು, ಹೊಳೇಲಿ ಇಳಿದು ನಡ್ಕೊಂಡು ತಂದಿದ್ದು. ನಾನು ಅವತ್ತೇ ಹೇಳ್ದೆ, ಪೊಲೀಸರಿಗೆ ನೀನೇ ಹೇಳು, ಇಲ್ಲಾಂದ್ರೆ ನಾನು ಹೇಳ್ತೀನಿ ಅಂತ. ನಿನ್ನೆ ಮತ್ತೆ ಹೇಳಿ ಕಳಿಸ್ದೆ. ಆಗ್ಲಿಲ್ಲ ಅನ್ಸುತ್ತೆ ಅವಳಿಗೆ. ಅದಕ್ಕೇ ನಿಮ್ಮನ್ನ ಕರ್ಕೊಂಡು ಬಂದಿದ್ದಾಳೆ."

"ಯಾರು?"

"ನಿಮ್ಮ ಗಾಡಿ ಹಿಂದೆ ಕೂತು ಬಂದ್ಲಲ್ಲ, ಅವಳು."

ಸುಪ್ರಪ್ತಿ ಗೋಡೆಗೆ ಒರಗಿದಳು. ಮೂರು ದಿನ. ಮೂರು ದಿನ ಆ ಹೆಣ್ಣು ಅವಳ ಮೇಜಿನ ಎದುರಿನ ಬೆಂಚಿನ ಮೇಲೆ ಕೂತಿತ್ತು. ಟೀ ಬೇಕೇ ಎಂದು ಕೇಳಿದ್ದಳು ಸುಪ್ರಪ್ತಿ. ಧೈರ್ಯವಾಗಿರು ಎಂದು ಬೆನ್ನು ತಟ್ಟಿದ್ದಳು. ಕೇಳಬೇಕಾದ ಒಂದು ಪ್ರಶ್ನೆಯನ್ನು ಮಾತ್ರ ಕೇಳಿರಲಿಲ್ಲ. ಅಂಗೈಯ ಹುಣ್ಣಿಗೆ ಕನ್ನಡಿ ಹುಡುಕಿದ ಹಾಗಾಯಿತು. ಅವಳಿಗೆ ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ಕೋಪ ಬಂತು.

ವಿನಾರ್ಸಿ ಗೇಟಿನ ಪಕ್ಕ ಸಲಾಕ್ ಬುಡದಲ್ಲಿ ಕೂತಿದ್ದಳು. ಇನ್ಸ್‌ಪೆಕ್ಟರ್ ಬರುವ ರೀತಿ ನೋಡಿಯೇ ಎದ್ದು ನಿಂತಳು.

"ಮೊಟ್ಟೆ ತೆಗೆದಿದ್ದು ನೀನು."

"ಹೌದು."

"ಏಡಿ ಹಾಕಿದ್ದೂ."

"ಹೌದು. ಸೆಕಾರ್ ನನ್ನ ಕೈಯಲ್ಲೇ ಬೆಳೆದೋಳು. ಮೊಟ್ಟೆ ತೆಗೆಯೋವಾಗ ಕಚ್ಚಲೂ ಇಲ್ಲ, ಸುಮ್ಮನೆ ನೋಡಿದ್ಲು. ಏನೂ ಕೊಡದೆ ಬರೋಕೆ ಆಗ್ಲಿಲ್ಲ. ಲಸ್ಮಿನಿ ಅಕ್ಕ ಹೇಳ್ತಿದ್ದ ಹಾಗೆ ಗದ್ದೇಲಿ ಹಿಡಿದ ಏಡಿ ಹಾಕ್ದೆ."

ಆಮೇಲೆ ಅವಳು ಉಳಿದದ್ದನ್ನು ಹೇಳಿದಳು, ತಲೆ ತಗ್ಗಿಸದೆ. ಮೊಟ್ಟೆಗಳನ್ನು ಕುಂಚೊರೊನಿಗೆ ಕೊಡುವುದಾಗಿ ಅಪ್ಪ ಮಾತು ಕೊಟ್ಟಿದ್ದರು. ಎಷ್ಟೋ ವರ್ಷ ಕಾದು ಬಂದ ಮೊಟ್ಟೆಗಳು, ಒಂದನ್ನಾದರೂ ಮನೆಯಲ್ಲಿ ಮರಿ ಮಾಡೋಣ ಎಂದು ಅವಳು ಬೇಡಿಕೊಂಡಿದ್ದಳು. ಕೊಟ್ಟ ಮಾತು ಕೊಟ್ಟದ್ದೇ ಎಂದಿದ್ದರು. ಮಂಗಳವಾರ ಬೆಳಗಿನ ಪ್ರಾರ್ಥನೆಗೆ ಅಪ್ಪ ಮಸೀದಿಗೆ ಹೋದಾಗ, ಗಂಡ ಇನ್ನೂ ಮಲಗಿದ್ದಾಗ, ಅವಳು ಕೊಟ್ಟಿಗೆಗೆ ಹೋದಳು. ಬುಟ್ಟಿ ತುಂಬಿಕೊಂಡು ಹಿಂಬಾಗಿಲು ದಾಟುವಾಗ ಮುಂಬಾಗಿಲು ತೆರೆದ ಸದ್ದಾಯಿತು.

"ಕುಂಚೊರೊ ಬಂದ. ಗೂಡು ಖಾಲಿ ಇರೋದು ನೋಡಿ ಬಾಯಿಗೆ ಬಂದ ಹಾಗೆ ಬೈಯೋಕೆ ಶುರು ಮಾಡ್ದ. ಕಳ್ಳ ಅಂದ, ಮಾತು ತಪ್ಪಿದೋನು ಅಂದ. ಉಡದ ಲಕ್ಷಣ ಓದ್ತೀಯಂತೆ, ಗಂಡು ಯಾವುದು ಹೆಣ್ಣು ಯಾವುದು ಗೊತ್ತಿಲ್ಲದ ಮುದುಕ ನೀನು, ನಾಳೆ ಸಂತೇಲಿ ಎಲ್ಲರಿಗೂ ಹೇಳ್ತೀನಿ ಅಂದ."

"ಯಾರಿಗೆ?"

ವಿನಾರ್ಸಿ ಮನೆಯಿದ್ದ ದಿಕ್ಕಿಗೆ ನೋಡಿ ಹೇಳಿದಳು.

"ಅಪ್ಪನಿಗೆ. ಅವರಿಬ್ಬರೂ ಒಟ್ಟಿಗೇ ಬಂದಿದ್ರು."

ಸುಪ್ರಪ್ತಿ ಅಜ್ಜನ ಹೇಳಿಕೆಯನ್ನು ನೆನಪಿಸಿಕೊಂಡಳು. ಸೂರ್ಯ ಮೇಲೆ ಬರುವವರೆಗೂ ಮಸೀದಿಯಲ್ಲೇ ಕೂತಿದ್ದೆ, ಅಳಿಯನ ಕೂಗು ಕೇಳಿ ಓಡಿ ಬಂದೆ ಎಂದು ದರ್ಮಾಜಿ ಅಜ್ಜ ಹೇಳಿದ್ದ. ಮೊದಲ ಸಾಲಿನಲ್ಲಿ ನಿಂತು ಪ್ರಾರ್ಥನೆ ಮಾಡಿದ್ದನ್ನು ಊರಿನವರು ಹೌದೆಂದಿದ್ದರು. ಪ್ರಾರ್ಥನೆ ಮುಗಿದ ಮೇಲೆ ಅವನು ಯಾವಾಗ ಎದ್ದುಹೋದ ಎಂದು ಯಾರೂ ಕೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಆ ವಯಸ್ಸಿನ, ಆ ಹೆಸರಿನ ಮನುಷ್ಯನನ್ನು ಕೇಳುವುದು ಹೇಗೆಂದು ಸುಮ್ಮನಿದ್ದಳು. ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿತ್ತು. ಪೊಲೀಸರು ಹೋಗಿ ಮೇಕೆಯನ್ನು ಕಟ್ಟಿ ತಂದಿದ್ದರು.

"ಹೊಡೆದಿದ್ದು ನೋಡಿದ್ಯಾ?"

"ಇಲ್ಲ. ನಾನು ಓಡ್ದೆ. ಮೊಟ್ಟೆ ಇತ್ತಲ್ಲ, ಓಡೋಕೂ ಆಗಲ್ಲ, ನಡೆದೆ. ಇಲ್ಲಿ ಕೊಟ್ಟು ವಾಪಸು ಹೋದಾಗ ಮನೆ ಮುಂದೆ ಜನ ಸೇರಿದ್ರು. ಇವರ ಅಂಗಿ ತುಂಬ ರಕ್ತ. ಅಪ್ಪ ಟೋಪಿ ಹಾಕ್ಕೊಂಡು, ನಾನು ಈಗ ಮಸೀದಿಯಿಂದ ಬಂದೆ ಅಂತ ಎಲ್ಲರಿಗೂ ಹೇಳ್ತಿದ್ರು." ಅವಳು ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. "ಹೇಳಿದ್ರೆ ಅಪ್ಪ ಹೋಗ್ತಾರೆ. ಹೇಳದಿದ್ರೆ ಇವರು. ಮೂರು ದಿನ ನಿಮ್ಮ ಬೆಂಚಿನ ಮೇಲೆ ಕೂತು ಇದನ್ನೇ ಯೋಚನೆ ಮಾಡಿದ್ದು ಮೇಡಂ. ಮೊಟ್ಟೆ ನಾನು ತೆಗೀದೇ ಇದ್ದಿದ್ರೆ ಆ ಬೈಗುಳವೇ ಇರ್ತಿರ್ಲಿಲ್ಲ."

ಅತ್ತ ದರಿ, ಇತ್ತ ಪುಲಿ. ಸುಪ್ರಪ್ತಿಗೆ ಅವಳ ಮೇಲಿದ್ದ ಕೋಪ ಕರಗಿತು. ಕೋಪ ಹೋದ ಮೇಲೆ ಉಳಿದದ್ದು ಬರೀ ಸಂಕಟ. ಸಂಕಟಕ್ಕಿಂತ ಕೋಪವೇ ವಾಸಿಯಿತ್ತು.

"ಈಗಲಾದ್ರೂ ಹೇಳಿದ್ಯಲ್ಲ. ಇದನ್ನೇ ಸಾಹೇಬರ ಮುಂದೆ ಹೇಳು. ಸಂಜೆಯೊಳಗೆ ನಿನ್ನ ಗಂಡನ್ನ ಬಿಡಿಸ್ತೀನಿ" ಎಂದು ಅವಳು ಸ್ಕೂಟರಿನ ಕೀಲಿ ತೆಗೆದಳು.

ಅಷ್ಟರಲ್ಲಿ ಫೋನು ಬಂತು. ಪಾನುತ್.

"ಮೇಡಂ, ಕೇಸು ಮುಗೀತು. ಜಾತ್ಮಿಕೋ ಒಪ್ಕೊಂಡ. ತಾನೇ ಹೊಡೆದೆ ಅಂದ. ಸಾಹೇಬರು ಆಗಲೇ ಹೇಳಿಕೆ ತಗೊಂಡು ರುಜು ಹಾಕಿಸಿದ್ರು."

"ಮೂರು ದಿನ ಬಾಯಿ ಬಿಡದೋನು ಈಗ ಯಾಕೆ ಒಪ್ಕೊಂಡ?"

"ಯಾರೂ ಏನೂ ಮಾಡಿಲ್ಲ ಮೇಡಂ, ಆಣೆಗೂ. ನೀವು ಆ ಕಡೆ ಹೋದ ಮೇಲೆ ಅವನ ಮಾವ ಬಂದಿದ್ರು. ಕಂಬಿ ಹತ್ರ ಕೂತ್ಕೊಂಡು ಅವನ ಕೈ ಹಿಡ್ಕೊಂಡು ಏನೋ ಹೇಳಿದ್ರು. ಅಜ್ಜ ಎದ್ದು ಹೋದ ಮೇಲೆ ಹುಡುಗ ಸ್ವಲ್ಪ ಹೊತ್ತು ಅತ್ತ. ಆಮೇಲೆ ಸಾಹೇಬರನ್ನ ಕರೀರಿ ಅಂದ."

"ಏನು ಹೇಳಿದ್ರು ಅಜ್ಜ?"

"ಪೂರ್ತಿ ಕೇಳಿಸ್ಲಿಲ್ಲ ಮೇಡಂ. ಆವತ್ತು ಬೆಳಿಗ್ಗೆ ಕೊಟ್ಟಿಗೇಲಿ ವಿನಾರ್ಸಿ ಇದ್ಲು, ಏಡಿ ಹಾಕಿದ್ದು ಅವಳೇ, ಪೊಲೀಸರು ಅವಳನ್ನ ಹಿಡಿಯೋಕೆ ಹೊರಟಿದ್ದಾರೆ ಅಂತ, ಅಷ್ಟು ಕೇಳಿಸ್ತು."

ಸುಪ್ರಪ್ತಿ ಫೋನನ್ನು ಕಿವಿಯಿಂದ ಇಳಿಸಿದಳು. ಏಡಿ ಎಂದಾಗ ಮುದುಕ ಬಿಳುಚಿಕೊಂಡದ್ದು ಮೈಲಿಗೆಗಲ್ಲ. ಸೆಕಾರ್ ಮಗಳ ಕೈಯಲ್ಲೇ ಬೆಳೆದದ್ದು, ಊಟ ಹಾಕಿದ್ದು ಯಾರ ಕೈ ಎಂದು ಅವನಿಗೆ ಆ ಗಳಿಗೆಯಲ್ಲೇ ತಿಳಿದಿತ್ತು. ತಿಳಿದ ಕೂಡಲೇ ಎದ್ದು ಹೋಗಿ ಅಳಿಯನ ಕೈ ಹಿಡಿದಿದ್ದ. ಹೆಂಡತಿಯನ್ನು ಉಳಿಸಲು ಜಾತ್ಮಿಕೋ ತಲೆ ಕೊಟ್ಟಿದ್ದ.

ವಿನಾರ್ಸಿ ಅವಳ ಮುಖವನ್ನೇ ನೋಡುತ್ತಿದ್ದಳು. ಮುಚ್ಚಿಡುವ ದಾರಿಯಿರಲಿಲ್ಲ. ಸುಪ್ರಪ್ತಿ ಎಲ್ಲವನ್ನೂ ಹೇಳಿದಳು, ಮುದುಕ ಆಡಿದ ಮಾತನ್ನೂ ಸೇರಿಸಿ.

"ಈಗ ನಾನು ಹೇಳೋದನ್ನ ನಂಬ್ತಾರಾ?" ಎಂದು ಕೇಳಿದಳು ವಿನಾರ್ಸಿ.

"ಗಂಡನ್ನ ಬಿಡಿಸ್ಕೊಳ್ಳೋಕೆ ಹೆಂಡತಿ ಕಟ್ಟಿದ ಕಥೆ ಅಂತಾರೆ. ಬೆಳಿಗ್ಗೆ ಹೇಳಿದ್ದಿದ್ರೆ ನಂಬ್ತಿದ್ರು."

ವಿನಾರ್ಸಿ ತಲೆಯಾಡಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಸ್ಕೂಟರಿನ ಹಿಂದೆ ಹತ್ತಿ ಕೂತಳು.

"ಸ್ಟೇಷನ್ ಬೇಡ ಮೇಡಂ. ಮನೆಗೆ ನಡೀರಿ. ಕೊಂದಿದ್ದು ನಾನು ಅನ್ನೋ ಈ ಸುಳ್ಳನ್ನ ಅಪ್ಪ ನನ್ನ ಮುಖ ನೋಡ್ಕೊಂಡು ಒಂದು ಸಲ ಹೇಳಲಿ."